ಅಡಿಕೆ ಗೋಣಿಯ ಬೂಷ್ಟು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಅಡಿಕೆ ತೋಟ ಇಟ್ಟುಕೊಂಡವನು ನಾನು. ರಸ್ತೆ, ನೀರು, ಕರೆಂಟಿನ ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಸಾಕಷ್ಟಿವೆ. ಈ ಪತ್ರ ಬೂಷ್ಟಿನ, ಅಂದರೆ ಶಿಲೀಂಧ್ರದ ಬಗ್ಗೆ.

ನನ್ನ ಭಾವನವರಿಗೆ ಮೂತ್ರಪಿಂಡದ ಕಸಿಯಾಗಿ ಏಳು ತಿಂಗಳಾಗಿತ್ತು. ಹೊಸ ಅಂಗವನ್ನು ದೇಹ ತಳ್ಳಿಹಾಕದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಎರಡು ಹೊತ್ತು ನುಂಗುತ್ತಿದ್ದರು. ಭಾರ ಎತ್ತಬಾರದು ಎಂದಿದ್ದರು, ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಹಾಗಾಗಿ ಅಕ್ಕ ಅವರಿಗೆ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು ವಿಂಗಡಿಸುವ ಕೆಲಸ ಕೊಟ್ಟಳು. ಮಳೆಗಾಲ ಕಳೆದ ಒಂದು ಗೋಣಿಯನ್ನು ಚಾವಡಿಯಲ್ಲಿ ಮಗುಚಿದಾಗ ಅಡಿಯ ಕರಿಗೋಟಿನ (ಕೆಟ್ಟು ಕಪ್ಪಾದ ಅಡಿಕೆಯ) ಜೊತೆಗೆ ಬೂದುಹಸಿರು ಧೂಳು ಎದ್ದು, ಬಾಗಿಲ ಬಿಸಿಲಿನಲ್ಲಿ ಒಂದು ಗಳಿಗೆ ಹೊಗೆಯ ಹಾಗೆ ನಿಂತಿತು. ನಾನೂ ಅಲ್ಲೇ ಇದ್ದೆ. ಎರಡು ಸಲ ಸೀನಿದೆ, ಮರೆತೆ.

ಭಾವನವರಿಗೆ ಕೆಲವು ದಿನಗಳಲ್ಲಿ ಜ್ವರ ಬಂತು, ಒಣಕೆಮ್ಮು ಬಂತು. ಕಫದಲ್ಲಿ ಕ್ಷಯವಿಲ್ಲ ಎಂದರು. ಆಂಟಿಬಯಾಟಿಕ್ ಕೊಟ್ಟರು, ಬದಲಾಯಿಸಿದರು, ಮತ್ತೊಮ್ಮೆ ಬದಲಾಯಿಸಿದರು. ಹೀಗೆ ಮೂರು ವಾರ ಹೋಯಿತು. ಕೊನೆಗೆ ಮಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಶ್ವಾಸನಾಳಕ್ಕೆ ನಳಿಕೆ ಇಳಿಸಿ ತೊಳೆದು ತೆಗೆದ ನೀರನ್ನು ಗ್ಯಾಲಕ್ಟೊಮನ್ನಾನ್ ಎಂಬ ಪರೀಕ್ಷೆಗೆ ಕಳಿಸಿದಾಗ ಗೊತ್ತಾಯಿತು: ಆಸ್ಪರ್ಜಿಲ್ಲಸ್ ಎಂಬ ಬೂಷ್ಟು. ಆ ಗೋಣಿಯಿಂದಲೇ ಬಂತೆಂದು ಆಣೆಯಿಟ್ಟು ಹೇಳಲಾರೆ, ಏಕೆಂದರೆ ಅದರ ಬೀಜಕಣ ಗಾಳಿಯಲ್ಲಿ ಎಲ್ಲೆಡೆ ಇದೆ. ಒಂದು ಕಣ ಎರಡು ಮೂರು ಮೈಕ್ರಾನ್ ಅಷ್ಟೇ. ನೀವೂ ನಾನೂ ದಿನಾ ನೂರಾರು ಕಣ ಒಳಗೆಳೆದುಕೊಳ್ಳುತ್ತೇವೆ, ನಮ್ಮ ದೇಹದ ರಕ್ಷಕ ಜೀವಕೋಶಗಳು ಅವನ್ನು ಅಲ್ಲೇ ಮುಗಿಸುತ್ತವೆ. ಕಸಿಯಾದವರಲ್ಲಿ, ಕ್ಯಾನ್ಸರಿಗೆ ಕಿಮೋ ತೆಗೆದುಕೊಳ್ಳುವವರಲ್ಲಿ, ತಿಂಗಳುಗಟ್ಟಲೆ ಸ್ಟಿರಾಯ್ಡ್ ನುಂಗುವವರಲ್ಲಿ ಅದೇ ಕಣ ಮೊಳೆತು, ಎಳೆ ಬಿಟ್ಟು, ರಕ್ತನಾಳದೊಳಗೇ ನುಗ್ಗುತ್ತದೆ.

ಇದು ಒಂದು ಮನೆಯ ಗೋಳಲ್ಲ. 2024ರಲ್ಲಿ ಶಿಲೀಂಧ್ರ ಸೋಂಕುಗಳ ತಜ್ಞ ಡೇವಿಡ್ ಡೆನ್ನಿಂಗ್ ಅವರು ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 65 ಲಕ್ಷ ಮಂದಿಗೆ ಶಿಲೀಂಧ್ರದ ಗಂಭೀರ ಸೋಂಕು ತಗಲುತ್ತದೆ. ನೇರವಾಗಿ ಅದರಿಂದಲೇ ಸಾಯುವವರು ಸುಮಾರು 25 ಲಕ್ಷ. ಕ್ಷಯದಿಂದ 2023ರಲ್ಲಿ ಸತ್ತವರು ಸುಮಾರು 12.5 ಲಕ್ಷ. ಕ್ಷಯಕ್ಕೆ ಊರೂರಲ್ಲಿ ಕಫದ ಡಬ್ಬಿಯಿದೆ, ಗೋಡೆಬರಹವಿದೆ. ಇದಕ್ಕೆ ನಮ್ಮ ಮಾತಿನಲ್ಲಿ ಒಂದು ಸರಿಯಾದ ಹೆಸರೂ ಇಲ್ಲ. ಶ್ವಾಸಕೋಶಕ್ಕೆ ಇಳಿಯುವ ಆಸ್ಪರ್ಜಿಲ್ಲಸ್ ಒಂದೇ ವರ್ಷಕ್ಕೆ 21 ಲಕ್ಷ ಮಂದಿಯನ್ನು ಹಿಡಿಯುತ್ತದೆ ಎನ್ನುತ್ತದೆ ಆ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಇದನ್ನು ಮೊದಲ ಸಾಲಿನಲ್ಲಿ ಕೂರಿಸಿತು. ಮನುಷ್ಯರಿಗೆ ಶಿಲೀಂಧ್ರದ ವಿರುದ್ಧ ಮಂಜೂರಾದ ಲಸಿಕೆ ಒಂದೂ ಇಲ್ಲ.

ರೋಗನಿರೋಧಕ ಶಕ್ತಿ ಕುಗ್ಗಿದವರ ಶ್ವಾಸಕೋಶಕ್ಕೆ ಇಳಿಯುವ ನ್ಯುಮೊಸಿಸ್ಟಿಸ್ ಎಂಬ ಇನ್ನೊಂದು ಶಿಲೀಂಧ್ರವಿದೆ. 1981ರಲ್ಲಿ ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಅದು ಕಂಡದ್ದರಿಂದಲೇ ಏಡ್ಸ್ ಲೋಕಕ್ಕೆ ಗೊತ್ತಾಯಿತು. ಅದನ್ನು ತಡೆಯಲು ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಮಾತ್ರೆ ಸಾಕು. ಕೊಡಬೇಕೆಂಬ ನೆನಪಿರಬೇಕು, ಅಷ್ಟೇ.

ಇನ್ನು ನಮ್ಮ ಊರಿನ ಮಾತು. ಭಾವನವರಿಗೆ ಶಿಲೀಂಧ್ರ ಕೊಲ್ಲುವ ಔಷಧಿ ವೊರಿಕೊನಜೋಲ್ ಶುರುವಾದ ಕೂಡಲೇ ಕಸಿಯ ಮಾತ್ರೆ ಟ್ಯಾಕ್ರೊಲಿಮಸ್ ರಕ್ತದಲ್ಲಿ ಏರತೊಡಗಿತು. ಎರಡೂ ಒಂದಕ್ಕೊಂದು ತಾಗುತ್ತವೆ. ಕಸಿಯ ಮಾತ್ರೆಯನ್ನು ಮೂರನೇ ಒಂದು ಪಾಲಿಗೆ ಇಳಿಸಿ ಮತ್ತೆ ಮತ್ತೆ ರಕ್ತ ನೋಡಬೇಕಾಯಿತು. ಪ್ರತಿ ಸಲವೂ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. 2020ರ ಮಾರ್ಚಿನಲ್ಲಿ ಅದೇ ಗಡಿಯಲ್ಲಿ ರಸ್ತೆ ಮುಚ್ಚಿದ್ದನ್ನು ಕಂಡವರು ನಾವು. ಔಷಧಿಗೆ ಗಡಿ ದಾಟುವಾಗ ಈಗಲೂ ಎದೆ ಒಮ್ಮೆ ಹಿಂಡುತ್ತದೆ. ಉಕ್ಕಿನಡ್ಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಗ್ಯಾಲಕ್ಟೊಮನ್ನಾನ್ ಮತ್ತು ಔಷಧಿಯ ಮಟ್ಟ ನೋಡುವ ಪರೀಕ್ಷೆ, ಎರಡೂ ಬಡವರಿಗೆ ಅಲ್ಲಿ ಸಿಗುವಂತಾಗಬೇಕು. ಯಂತ್ರ ತರಿಸುವುದು ಕಷ್ಟವಾದರೆ ಮಾದರಿಯನ್ನು ಒಂದೇ ದಿನದಲ್ಲಿ ದೊಡ್ಡ ಪ್ರಯೋಗಾಲಯಕ್ಕೆ ಮುಟ್ಟಿಸುವ ವ್ಯವಸ್ಥೆಯಾದರೂ ಆಗಲಿ.

ಕೃಷಿ ಇಲಾಖೆಯವರನ್ನೂ ಕರೆದು ಕೂರಿಸಿ. ಎಲೆಚುಕ್ಕಿ ರೋಗಕ್ಕೆ ನಾವು ಅಡಿಕೆಗೆ ಪ್ರೊಪಿಕೊನಜೋಲ್ ಸಿಂಪಡಿಸುತ್ತೇವೆ. ಹೆಸರಿನ ಬಾಲ ನೋಡಿ: ವೊರಿಕೊನಜೋಲಿನದೂ ಅದೇ ಬಾಲ, ಅದೇ ವಂಶ. ತೋಟದಲ್ಲಿ ಒಂದಕ್ಕೆ ಒಗ್ಗಿದ ಆಸ್ಪರ್ಜಿಲ್ಲಸ್ ಆಸ್ಪತ್ರೆಯಲ್ಲಿ ಇನ್ನೊಂದಕ್ಕೂ ಬಗ್ಗದೆ ಹೋಗುವುದು ಬೇರೆ ದೇಶಗಳಲ್ಲಿ ಸಾಬೀತಾಗಿದೆ. ಸಿಂಪಡಿಸಬೇಡಿ ಎನ್ನಲಾರೆ, ನನ್ನ ತೋಟವೂ ಒಣಗುತ್ತಿದೆ. ಆದರೆ ಸಿಂಪಡಣೆಯ ಲೆಕ್ಕ ಎಷ್ಟು ತಡವಾಗಿ ಕೈಗೆ ಬರುತ್ತದೆಂದು ಎಂಡೋಸಲ್ಫಾನ್ ಎಂಬ ಕೀಟನಾಶಕದ ಗೋಳನ್ನು ಕಂಡ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ.

ಕಡೆಯದು, ದುಡ್ಡು ಬೇಡದ ಕೆಲಸ. ಭಾವನವರಿಗೆ ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದದಲ್ಲಿ ಧೂಳಿನಿಂದ ದೂರವಿರಿ ಎಂಬ ಒಂದು ಸಾಲು ಇತ್ತು, ಇಂಗ್ಲಿಷಿನಲ್ಲಿ. ಇಲ್ಲಿಯ ಔಷಧಿ ಅಂಗಡಿಯ ಚೀಟಿ ಮಲಯಾಳದಲ್ಲಿ. ಅಕ್ಕ ಓದಿದ್ದು ಕನ್ನಡ ಶಾಲೆಯಲ್ಲಿ. ಧೂಳೆಂದರೆ ಅವಳಿಗೆ ರಸ್ತೆಯ ಧೂಳು. ಅಡಿಕೆಯನ್ನು ಯಾರು ಧೂಳೆನ್ನುತ್ತಾರೆ? ಆದ್ದರಿಂದ ಒಂದು ಚೀಟಿಯ ಕರಡನ್ನು ನಾನೇ ಬರೆದಿದ್ದೇನೆ. ವೈದ್ಯರಿಗೆ ತೋರಿಸಿ, ತಿದ್ದಿಸಿ, ಮಲಯಾಳದ ಜೊತೆಗೆ ಕನ್ನಡದಲ್ಲೂ ಅಚ್ಚು ಹಾಕಿಸಿ:

"ಬೂಷ್ಟು ಹಿಡಿದ ಅಡಿಕೆ, ಕೊಬ್ಬರಿ ವಿಂಗಡಿಸಬೇಡಿ. ಹಟ್ಟಿ ಗೊಬ್ಬರ ಮಗುಚಬೇಡಿ. ಹಳೆಯ ಬೈಹುಲ್ಲು ಕೊಡವಬೇಡಿ. ಗೋಡೆ ಕೆಡಹುವಲ್ಲಿ ನಿಲ್ಲಬೇಡಿ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ನುಂಗುತ್ತಿದ್ದೀರೆಂದು ಮೊದಲು ಹೇಳಿ."

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ