ಸೀರೆಗೆ ಸೈಜ್ ಇಲ್ಲ, ಉಡುವವಳಿಗೆ ಮಾತ್ರ ಯಾಕೆ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಮಾಡೆಲಿಂಗ್‌ಗೆ ಬರುವ ಹುಡುಗಿಯರಿಗೆ ಸಲಹೆ ಕೊಡುವ ಲೇಖನ ಓದಿದೆ. ಪೋರ್ಟ್‌ಫೋಲಿಯೊ ಹೇಗಿರಬೇಕು, ಮೊದಲೇ ದುಡ್ಡು ಕೇಳುವ ಏಜೆಂಟರಿಂದ ಹೇಗೆ ದೂರ ಇರಬೇಕು, ಎಲ್ಲ ಸರಿಯಾಗಿಯೇ ಇದೆ. ತೂಕದ ವಿಷಯಕ್ಕೆ ಮಾತ್ರ ‘ಸದಾ ನಿಗಾ ಇರಲಿ’ ಅಂತ ಒಂದೇ ಸಾಲು. ಅದೇ ಪುಟದ ಕೆಳಗೆ ಬೊಜ್ಜು ಕರಗಿಸುವ ಪುಡಿಯ ಜಾಹೀರಾತು. ಈ ಕೆಲಸದಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ. ಆ ಒಂದು ಸಾಲಿನಲ್ಲಿ ಬಿಟ್ಟುಹೋದದ್ದನ್ನು ಬರೆಯುತ್ತೇನೆ.

ನಾನು ದಾವಣಗೆರೆಯವಳು. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದೆ. ರ‍್ಯಾಂಪ್ ಮೇಲೆ ನಡೆಯುವವಳಲ್ಲ. ಸೀರೆ ಅಂಗಡಿಗಳ ಕ್ಯಾಟಲಾಗ್, ಒಡವೆ ಅಂಗಡಿಗಳ ಹಬ್ಬದ ಜಾಹೀರಾತು, ಅಷ್ಟೇ. ಸಿಗ್ನಲ್‌ನಲ್ಲಿ ನಿಂತಾಗ ಫ್ಲೆಕ್ಸ್‌ನಲ್ಲಿ ನೋಡಿ, ಹಸಿರು ದೀಪ ಬಂದ ತಕ್ಷಣ ನೀವು ಮರೆತುಬಿಡುವ ಮುಖ ನನ್ನದು. ಶೂಟ್ ಇದ್ದರೆ ದಿನಕ್ಕೆ 30-40 ಸೀರೆ ಉಡಿಸಿ ಬಿಚ್ಚುತ್ತಾರೆ.

ನಮ್ಮಲ್ಲಿ ತೂಕದ ರಗಳೆ ಎಲ್ಲಿಂದ ಶುರುವಾಗುತ್ತದೆ ಗೊತ್ತಾ? ಬ್ಲೌಸ್‌ನಿಂದ. ಸೀರೆ ಐದೂವರೆ ಮೀಟರ್, ಯಾರು ಉಟ್ಟರೂ ಐದೂವರೆ ಮೀಟರೇ. ಆದರೆ ಅಂಗಡಿಯವರು ಒಂದು ಡಿಸೈನಿಗೆ ಒಂದೇ ಸ್ಯಾಂಪಲ್ ಬ್ಲೌಸ್ ಹೊಲಿಸುತ್ತಾರೆ. ನಾನು ಕಂಡ ಹಾಗೆ ಹೆಚ್ಚಾಗಿ 34. ಅದರೊಳಗೆ ಹಿಡಿಸುವ ಹುಡುಗಿ ಬೇಕು, ಅಷ್ಟೇ ಅವರ ಲೆಕ್ಕ. ಬ್ಲೌಸ್ ದೊಡ್ಡದಾದರೆ ಬೆನ್ನಿನ ಹಿಂದೆ ಹಿಡಿದೆಳೆದು, ಆಫೀಸಿನಲ್ಲಿ ಕಾಗದದ ಕಟ್ಟಿಗೆ ಹಾಕುವ ಕಪ್ಪು ಕ್ಲಿಪ್ ಸಾಲಾಗಿ ಹಾಕುತ್ತಾರೆ. ಚಿಕ್ಕದಾದರೆ ಹಿಂದಿನ ಹೊಲಿಗೆ ಬಿಚ್ಚಿ, ನಡುವೆ ಒಂದು ತುಂಡು ಬಟ್ಟೆ ಕೊಟ್ಟು ಪಿನ್ ಚುಚ್ಚುತ್ತಾರೆ. ಮೇಲೆ ಕೂದಲು ಇಳಿಬಿಟ್ಟರೆ ಮುಗೀತು. ಮುಂದಿನಿಂದ ಮಹಾರಾಣಿ, ಹಿಂದಿನಿಂದ ಅರ್ಧ ಕಟ್ಟಿದ ಪಾರ್ಸೆಲ್. ಆಮೇಲೆ ಕಂಪ್ಯೂಟರಿನಲ್ಲಿ ಸೊಂಟವನ್ನು ಇನ್ನಷ್ಟು ಒಳಗೆ ತಳ್ಳುವವರು ಬೇರೆ ಇದ್ದಾರೆ. ಇಷ್ಟೆಲ್ಲ ಉಪಾಯ ಗೊತ್ತಿರುವ ಜನಕ್ಕೆ, ಒಳಗೆ ಒಂದಿಂಚು ಬಟ್ಟೆ ಬಿಟ್ಟು ಹೊಲಿಸುವುದು ಗೊತ್ತಿಲ್ಲ ಅಂದರೆ ನಂಬೋಕೆ ಆಗಲ್ಲ. ನಮ್ಮೂರಿನ ಟೈಲರ್ ಕೇಳದೆಯೇ ಬಿಡುತ್ತಾರೆ, ಅಕ್ಕ ಮುಂದೆ ದಪ್ಪ ಆದರೆ ಇರಲಿ ಅಂತ.

ನನಗೆ ಮೊದಲು ಹೇಳಿದವರು ಕೆಲಸ ಕೊಡಿಸುತ್ತಿದ್ದ ಒಬ್ಬ ಕೋಆರ್ಡಿನೇಟರ್. ‘ಫೇಸ್ ಓಕೆ, ಸ್ವಲ್ಪ ಇಳಿಸ್ಕೊಳ್ಳಿ’ ಅಂದರು. ಈ ‘ಸ್ವಲ್ಪ’ಕ್ಕೆ ಕೊನೆಯೇ ಇಲ್ಲ. ಇಷ್ಟು ಕೆಜಿ ಸಾಕು ಅಂತ ಯಾರೂ ಹೇಳಲ್ಲ. ಇಳಿಸಿದವಳಿಗೆ ಕೆಲಸ ಬರುತ್ತದೆ, ಇನ್ನೂ ಸ್ವಲ್ಪ ಇಳಿಸಿದರೆ ಇನ್ನೂ ಬರಬಹುದು ಅಂತ ಅವಳಿಗೇ ಅನ್ನಿಸಲು ಶುರುವಾಗುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ಹೋಳಿಗೆ ಮುಟ್ಟಲಿಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಣ್ಣೆ ದೋಸೆ ಬೇಡ ಅಂದರೆ ಜನ ಜ್ವರ ಇದೆಯಾ ಅಂತ ಕೇಳುತ್ತಾರೆ. ನಮ್ಮಮ್ಮ ಕೇಳಲಿಲ್ಲ. ನನ್ನ ರಟ್ಟೆ ಹಿಡಿದು ನೋಡಿ, ‘ಏನೇ ಇದು, ಕೈ ಕಡ್ಡಿ ಆಗ್ಯಾವಲ್ಲೇ’ ಅಂದರು. ಆ ಹೊತ್ತಿಗೆ ನನ್ನ ಮುಟ್ಟು ನಿಂತು ಕೆಲವು ತಿಂಗಳಾಗಿತ್ತು. ಅದನ್ನು ಅಮ್ಮನಿಗೆ ಹೇಳಿರಲಿಲ್ಲ.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಅವರು ಬೈಯಲಿಲ್ಲ, ಲೆಕ್ಕ ಮಾಡಿ ತೋರಿಸಿದರು. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದು ಬಿಎಂಐ. 18.5ಕ್ಕಿಂತ ಕಡಿಮೆ ಬಂದರೆ ತೂಕ ಸಾಲದು ಅಂತ ಅರ್ಥ. ನಾನು 170 ಸೆಂಟಿಮೀಟರ್, ಆಗ 51 ಕೆಜಿ ಇದ್ದೆ. ಲೆಕ್ಕ ಹಾಕಿದರೆ 17.6. ಊಟ ಸಾಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸಿ ಶಕ್ತಿ ಉಳಿಸಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಮೂಳೆಯೂ ಸವೆಯುತ್ತದೆ ಅಂದರು.

ಆಮೇಲೆ ಕೂತು ಓದಿದೆ. 2006ರ ಆಗಸ್ಟ್‌ನಲ್ಲಿ ಉರುಗ್ವೆಯ ಲೂಯಿಸೆಲ್ ರಾಮೋಸ್ ಎಂಬ 22 ವರ್ಷದ ಮಾಡೆಲ್ ಮಾಂಟೆವಿಡಿಯೊದಲ್ಲಿ ರ‍್ಯಾಂಪ್ ಮೇಲೆ ನಡೆದು ಬಂದವಳೇ ಕುಸಿದು ತೀರಿಹೋದಳು. ಅದೇ ವರ್ಷ ನವೆಂಬರ್‌ನಲ್ಲಿ ಬ್ರೆಜಿಲ್‌ನ ಮಾಡೆಲ್ ಅನಾ ಕರೋಲಿನಾ ರೆಸ್ಟನ್ ತೀರಿಹೋದಳು, 21 ವರ್ಷ. ಮ್ಯಾಡ್ರಿಡ್‌ನ ಫ್ಯಾಷನ್ ವೀಕ್ ಆ ವರ್ಷವೇ ಬಿಎಂಐ 18ಕ್ಕಿಂತ ಕಡಿಮೆ ಇದ್ದವರನ್ನು ಹತ್ತಿಸಲ್ಲ ಅಂದಿತು. ಅಂದರೆ 51 ಕೆಜಿಯ ನನ್ನನ್ನು ಮ್ಯಾಡ್ರಿಡ್‌ನವರು ಮನೆಗೆ ಕಳಿಸುತ್ತಿದ್ದರು. ಬೆಂಗಳೂರಿನಲ್ಲಿ, ನಾನು ಡಾಕ್ಟರ ಹತ್ತಿರ ಹೋದ ವಾರವೇ, ನನಗೆ ಇನ್ನೆರಡು ಕೆಜಿ ಇಳಿಸಲು ಹೇಳಿದ್ದರು!

ಇಸ್ರೇಲ್ 2013ರಿಂದ 18.5ರ ಗಡಿಯನ್ನು ಕಾನೂನೇ ಮಾಡಿದೆ. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್ ಕೆಲಸಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಜಾಹೀರಾತಿನ ಫೋಟೊದಲ್ಲಿ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ತಿದ್ದಿದ್ದರೆ, ತಿದ್ದಿದೆ ಅಂತ ಅದರ ಮೇಲೆ ಬರೆಯಬೇಕು. ನಮ್ಮಲ್ಲಿ ಅಂಥದ್ದೇನೂ ಇಲ್ಲ. ಬಿಎಂಐ ಒಂದನ್ನೇ ನಂಬಿ ಯಾರನ್ನೂ ಅಳೆಯಬಾರದು, ಅದೂ ನಿಜ. ಸರ್ಟಿಫಿಕೇಟ್ ನನಗೆ ಹೆಚ್ಚು ಇಷ್ಟ. ಕೋಆರ್ಡಿನೇಟರ್ ‘ಇಳಿಸ್ಕೊಳ್ಳಿ’ ಅಂದಾಗ ಮುಂದೆ ಹಿಡಿಯಲು ಕೈಯಲ್ಲೊಂದು ಕಾಗದ ಇರುತ್ತದೆ ಅಲ್ವಾ?

ತಮಾಷೆ ಏನೆಂದರೆ, ಸೀರೆಯವರಿಗೆ ಬೇಕಾದ ಮೈ ಒಡವೆಯವರಿಗೆ ಬೇಡ. ಒಂದು ಒಡವೆ ಶೂಟ್‌ನಲ್ಲಿ ನನ್ನ ಕೊರಳಿನ ಮೂಳೆ ಎದ್ದುಕೊಂಡು ನೆಕ್ಲೇಸ್ ಸರಿಯಾಗಿ ಕೂರಲಿಲ್ಲ. 2.4ರ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಒಳಗೆ ಟೇಪ್ ಅಂಟಿಸಿ ನಿಲ್ಲಿಸಿದರು. ಮಾಲೀಕರು ಬಂದು ನೋಡಿ, ‘ಸ್ವಲ್ಪ ಮೈಕೈ ತುಂಬಿಕೊಂಡಿರೋ ಹುಡುಗಿ ಸಿಗಲಿಲ್ವಾ?’ ಅಂತ ನನ್ನೆದುರೇ ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಣ್ಣಗಿದ್ದರೇ ಸೀರೆ ಮಾರಾಟ ಆಗುವುದು ಅನ್ನುವ ಮಾತೂ ಕೇಳುತ್ತೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಲೈವ್ ಬಂದು ಸೀರೆ ಮಾರುವ ಅಕ್ಕಂದಿರನ್ನು ಒಂದು ಸಂಜೆ ನೋಡಿ. ಸೆರಗು ಹೆಗಲಿಗೆ ಹಾಕಿಕೊಂಡು ‘ಇದು ನೋಡಿ, ನೆರಿಗೆ ಎಷ್ಟು ಚೆನ್ನಾಗಿ ನಿಲ್ಲುತ್ತೆ’ ಅನ್ನುತ್ತಾರೆ. ಮಾತು ಮುಗಿಯುವುದರೊಳಗೆ ಬುಕ್ ಆಗಿರುತ್ತದೆ. ಅವರ ಸೊಂಟ ಎಷ್ಟು ಅಂತ ಯಾರೂ ಕೇಳಿಲ್ಲ. ಕೊಳ್ಳುವವರೂ ಅವರಂಥವರೇ.

ಈಗ ನನ್ನ ತೂಕ ಮೇಲೆ ಬಂದಿದೆ, ಮುಟ್ಟೂ ಬಂದಿದೆ. ಚಿಂತೆ ಹೋಗಿಲ್ಲ. ಪಿಜಿಯಲ್ಲಿ ಅನ್ನ ಬಡಿಸಿಕೊಳ್ಳುವಾಗ ಸೌಟು ಈಗಲೂ ತಾನಾಗಿ ನಿಲ್ಲುತ್ತದೆ. ಕೆಲವು ಅಂಗಡಿಯವರು ಕರೆಯುವುದನ್ನು ಬಿಟ್ಟಿದ್ದಾರೆ. ಎರಡು ಸೈಜಿನಲ್ಲಿ ಸ್ಯಾಂಪಲ್ ಬ್ಲೌಸ್ ಹೊಲಿಸುವ ಒಬ್ಬರು ಸಿಕ್ಕಿದ್ದಾರೆ. ಅವರ ಶೂಟ್‌ನಲ್ಲಿ ಮಧ್ಯಾಹ್ನ ಎಲ್ಲರೂ ಕೂತು ಊಟ ಮಾಡುತ್ತೇವೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ಮಾಡೆಲಿಂಗ್ ಬಗ್ಗೆ ಬರೆದರೆ ಒಬ್ಬ ಡಾಕ್ಟರನ್ನೂ ಮಾತಾಡಿಸಿ. ಊಟ ಕಂಡರೆ ಭಯ ಆಗುವ ಹುಡುಗಿಗೆ ನಿಮ್ಹಾನ್ಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು ಅಂತ ಒಂದು ಬಾಕ್ಸ್ ಹಾಕಿ. ಆ ಪುಡಿಯ ಜಾಹೀರಾತನ್ನು ನಿಮ್ಮ ಜಾಹೀರಾತು ವಿಭಾಗದವರು ಇನ್ನೊಮ್ಮೆ ನೋಡಲಿ. ಔಷಧಿಯಿಂದ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯೊಂದು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿದೆ. ಅದರಲ್ಲಿ ಬೊಜ್ಜೂ ಇದೆ. ಇದು ಔಷಧಿ ಅಲ್ಲ, ಆಹಾರ ಅಂತ ಪುಡಿಯವರು ಜಾರಿಕೊಳ್ಳಬಹುದು. ಆದರೂ ಕೇಳಿ ನೋಡಿ.

ನನ್ನ ಹೆಸರು ಹಾಕಬೇಡಿ. ಮದುವೆ ಸೀಸನ್‌ನ ಶೂಟ್‌ಗಳು ಶುರುವಾಗುತ್ತಿವೆ, ಅಂಗಡಿಯವರೂ ನಿಮ್ಮ ಪೇಪರ್ ಓದುತ್ತಾರೆ.

ಇಂತಿ,
ಒಬ್ಬ ಸೀರೆ ಮಾಡೆಲ್, ಬೆಂಗಳೂರು