ಗೈಡಮ್ಮನ ಹಳದಿ ಕೊಡೆ

ಪ್ರೀತಿಯ ಅಮ್ಮ,

ಫೋನಿನಲ್ಲಿ ಪೂರ್ತಿ ಹೇಳುವುದಕ್ಕೆ ಆಗಲಿಲ್ಲ. ನೀನು "ಊಟ ಆಯ್ತಾ" ಅಂತ ಮೂರು ಸಲ ಕೇಳುವಷ್ಟರಲ್ಲಿ ಚಾರ್ಜ್ ಮುಗಿಯಿತು. ಊಟ ಆಯಿತು ಅಮ್ಮ. ಈಗ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ರೋಮ್ ನೋಡಬೇಕು ಅಂದರೆ ಮೊದಲು ಒಳ್ಳೆ ಶೂ ಬೇಕು, ಉಳಿದದ್ದು ಆಮೇಲೆ.

ನಮ್ಮದು ಇಪ್ಪತ್ತೆರಡು ಜನರ ಗುಂಪು. ಎಲ್ಲರ ಕೊರಳಿಗೂ ಒಂದು ಪುಟ್ಟ ರೇಡಿಯೋ, ಕಿವಿಗೆ ಇಯರ್‌ಫೋನ್. ಗೈಡಮ್ಮ ಹಳದಿ ಕೊಡೆ ಮೇಲೆತ್ತಿ ಹಿಡಿದು ಮುಂದೆ ನಡೆಯುತ್ತಾ ಮೈಕ್‌ನಲ್ಲಿ ಮೆಲ್ಲಗೆ ಹೇಳಿದ್ದು ನಮ್ಮ ಕಿವಿಗೆ ಬರುತ್ತದೆ. ಅವರಿಗೆ ಅರವತ್ತು ದಾಟಿದೆ, ನಡಿಗೆ ಮಾತ್ರ ನನಗಿಂತ ಜೋರು. ಸ್ವಲ್ಪ ಹಿಂದೆ ಬಿದ್ದರೆ ಬರೀ ಗೊರಗೊರ.

ಮೊದಲು ಕೊಲೋಸಿಯಂ. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಉದ್ಘಾಟಿಸಿದ ಅಖಾಡ, ಸುಮಾರು ಐವತ್ತು ಸಾವಿರ ಜನ ಕೂರುತ್ತಿದ್ದರಂತೆ. ಗೋಡೆ ತುಂಬ ತೂತುಗಳು. ನಾನು ಗುಂಡಿನ ಗುರುತು ಅಂದುಕೊಂಡಿದ್ದೆ. ಅದಲ್ಲ, ಕಲ್ಲಿಗೆ ಕಲ್ಲು ಹಿಡಿಸಲು ಒಳಗೆ ಹಾಕಿದ್ದ ಕಬ್ಬಿಣದ ಕೊಂಡಿಗಳನ್ನು ನಂತರದ ಕಾಲದವರು ಕೆತ್ತಿ ತೆಗೆದುಕೊಂಡು ಹೋಗಿದ್ದಾರೆ. ಕಬ್ಬಿಣಕ್ಕೆ ಬೆಲೆ, ಕಟ್ಟಡಕ್ಕಿಲ್ಲ. ಮೆಟ್ಟಿಲು ಕಡಿದಾಗಿವೆ, ನಿನ್ನ ಮಂಡಿಗೆ ಕಷ್ಟ, ಆದರೆ ಲಿಫ್ಟ್ ಇದೆ.

ಟ್ರೆವಿ ಕಾರಂಜಿಯಲ್ಲಿ ಹತ್ತೇ ನಿಮಿಷ, ಅದರಲ್ಲಿ ಎಂಟು ನಿಮಿಷ ಬೇರೆಯವರ ಫೋಟೋ ತೆಗೆದುಕೊಡುವುದರಲ್ಲೇ ಹೋಯಿತು. ಬೆನ್ನು ಮಾಡಿ ನಿಂತು, ಬಲಗೈಯಿಂದ ಎಡಭುಜದ ಮೇಲಿಂದ ನಾಣ್ಯ ಎಸೆದರೆ ಮತ್ತೆ ರೋಮ್‌ಗೆ ಬರುತ್ತೀಯ ಅಂತ ನಂಬಿಕೆ. ನಾನು ನಿನ್ನ ಹೆಸರಲ್ಲೂ ಒಂದು ಎಸೆದೆ. ದುಡ್ಡು ನೀರಿಗೆ ಹಾಕಿದೆ ಅಂತ ಬೈಯಬೇಡ, ಆ ನಾಣ್ಯಗಳನ್ನು ಆರಿಸಿ ಕಾರಿತಾಸ್ ಅನ್ನುವ ಸೇವಾ ಸಂಸ್ಥೆಗೆ ಬಡವರಿಗಾಗಿ ಕೊಡುತ್ತಾರೆ. ಅಲ್ಲಿಂದ ಸ್ಪ್ಯಾನಿಷ್ ಮೆಟ್ಟಿಲು. ಎರಡು ಗಂಟೆ ನಡೆದ ಮೇಲೆ ಉಸ್ಸಪ್ಪಾ ಅಂತ ಕೂತೆ, ತಕ್ಷಣ ಸೀಟಿ! 2019ರಿಂದ ಅಲ್ಲಿ ಕೂರುವ ಹಾಗಿಲ್ಲವಂತೆ. ಮೆಟ್ಟಿಲು ನೂರ ಮೂವತ್ತೈದು, ಒಂದರ ಮೇಲೂ ಕೂರಬಾರದು ಅಂದರೆ ಏನು ಹೇಳುವುದು.

ಇನ್ನು ಪ್ಯಾಂಥಿಯನ್, ಹಿಂದೆ ರೋಮನ್ನರ ದೇವಸ್ಥಾನವಾಗಿದ್ದು ಆಮೇಲೆ ಚರ್ಚ್ ಆದ ಕಟ್ಟಡ. ಇದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳು. ಸುಮಾರು 1,900 ವರ್ಷದ ಹಿಂದೆ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿದ ಗುಮ್ಮಟ, ಪೂರ್ತಿ ಕಾಂಕ್ರೀಟ್, ಒಳಗೆ ಒಂದು ಕಂಬಿಯೂ ಇಲ್ಲ. ಅಗಲ 43 ಮೀಟರ್ ಚಿಲ್ಲರೆ, ನೆಲದಿಂದ ತುದಿಗೆ ಎತ್ತರವೂ ಅಷ್ಟೇ. ಬುಡದಲ್ಲಿ ಆರು ಮೀಟರ್ ದಪ್ಪ ಇದ್ದದ್ದು ಮೇಲೆ ಹೋಗುತ್ತಾ ಒಂದು ಮೀಟರ್ ಚಿಲ್ಲರೆಗೆ ಇಳಿಯುತ್ತದೆ, ಕೆಳಗೆ ಭಾರದ ಜಲ್ಲಿ, ಮೇಲಕ್ಕೆ ಜ್ವಾಲಾಮುಖಿಯ ಹಗುರ ಕಲ್ಲಿನ ಚೂರು. ಕಂಬಿಯಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡದು ಇಲ್ಲ. ಸೆಂಟ್ರಿಂಗ್‌ಗೆ ಎಷ್ಟು ಮರ ಬೇಕಾಗಿರಬಹುದು ಅಂತ ಅಪ್ಪನನ್ನೇ ಕೇಳು, ಕಾಗದದಲ್ಲಿ ಲೆಕ್ಕ ಹಾಕುತ್ತಾ ಕೂರುತ್ತಾರೆ.

ಗುಮ್ಮಟದ ನಡುವೆ ಸುಮಾರು 9 ಮೀಟರ್‌ನ ತೆರೆದ ಬಾಯಿ. ಗಾಜಿಲ್ಲ, ಮುಚ್ಚಳವಿಲ್ಲ. ನಾವು ಒಳಗಿದ್ದಾಗಲೇ ಮಳೆ ಶುರುವಾಯಿತು. ಅಷ್ಟು ಎತ್ತರದಿಂದ ಒಂದೊಂದೇ ಹನಿ ಬಿಸಿಲುಕೋಲಿನ ಹಾಗೆ ಹೊಳೆಯುತ್ತಾ ಇಳಿದು ನೆಲಕ್ಕೆ ಬಿದ್ದು, ಅಲ್ಲಿ ಕೊರೆದಿರುವ ಸಣ್ಣ ತೂತುಗಳಲ್ಲಿ ಮಾಯವಾಗುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಾ ನಿಂತುಬಿಟ್ಟೆ. ಕಿವಿಯಲ್ಲಿ ಗೊರಗೊರ, ಆಮೇಲೆ ಅದೂ ಇಲ್ಲ. ತಿರುಗಿ ನೋಡಿದರೆ ಹಳದಿ ಕೊಡೆ ಎಲ್ಲೂ ಕಾಣಲಿಲ್ಲ. ಗುಂಪು ಹೊರಟುಹೋಗಿತ್ತು!

ಹೆದರಬೇಡ, ಹೋಟೆಲ್ ದಾರಿ ಗೊತ್ತಿತ್ತು. ಹುಡುಕಿಕೊಂಡು ಓಡಲೂ ಇಲ್ಲ. ಅದು ಈಗಲೂ ಚರ್ಚ್ ಆದ್ದರಿಂದ ಒಳಗೆ ಬೆಂಚುಗಳಿವೆ, ಮಳೆ ನಿಲ್ಲುವವರೆಗೆ ಆರಾಮಾಗಿ ಕೂತಿದ್ದೆ, ಇಲ್ಲಿ ಯಾರೂ ಸೀಟಿ ಊದಲಿಲ್ಲ. ನೀನು ಬಂದಾಗ ಕೊಲೋಸಿಯಂಗೆ ಗೈಡ್ ಇರಲಿ, ಅಲ್ಲಿ ಹೇಳುವವರಿಲ್ಲದಿದ್ದರೆ ಬರೀ ಕಲ್ಲು. ಪ್ಯಾಂಥಿಯನ್‌ಗೆ ಮಾತ್ರ ನಾವು ಮೂವರೇ ಹೋಗೋಣ, ಅಲ್ವಾ?

ಕೊರಳಿನ ರೇಡಿಯೋ ಇನ್ನೂ ನನ್ನ ಹತ್ತಿರವೇ ಇದೆ. ನಾಳೆ ಬೆಳಿಗ್ಗೆ ಹೋಗಿ ಕೊಟ್ಟು, ಗೈಡಮ್ಮನ ಹತ್ತಿರ ಬೈಸಿಕೊಂಡು ಬರಬೇಕು.

ನಿನ್ನ ಮಗಳು