ಫೈಬ್ರೊಮಯಾಲ್ಜಿಯಾ ಇರೋ ನಮ್ಮ ಗ್ರಾಹಕರಿಗೆ: ಕಾಂಬೋ ಬಾಟ್ಲಿ ನಿಲ್ಲಿಸ್ತಾ ಇದೀವಿ, ಬದಲಿಗೆ ಏನು ಸಿಗುತ್ತೆ

ಎಲ್ರಿಗೂ ನಮಸ್ಕಾರ,

ವಿಷಯ ನೇರವಾಗಿ ಹೇಳ್ಬಿಡ್ತೀವಿ. ಮುಂದಿನ ತಿಂಗಳು ಒಂದನೇ ತಾರೀಕಿಂದ ನಮ್ಮ ಸಂಘದ ಯಾವ ಕೌಂಟರಲ್ಲೂ ಆ 60 ಕ್ಯಾಪ್ಸೂಲಿನ ಆಂಟಿಆಕ್ಸಿಡೆಂಟ್ ಕಾಂಬೋ ಬಾಟ್ಲಿ ಸಿಗಲ್ಲ. ಬದಲಿಗೆ ಕೋಕ್ಯೂ-ಟೆನ್ (ಕೋಎನ್‌ಜೈಮ್ ಕ್ಯೂ-10, ನಮ್ಮ ದೇಹವೇ ಮಾಡ್ಕೊಳ್ಳೋ ಒಂದು ವಸ್ತು) ಒಂದೇ ಇರೋ 100 ಮಿಲಿಗ್ರಾಂ ಕ್ಯಾಪ್ಸೂಲ್ ತರಿಸಿದೀವಿ, ಹತ್ತರ ಸ್ಟ್ರಿಪ್, 190 ರೂಪಾಯಿ, ಒಂದೇ ಸ್ಟ್ರಿಪ್ ಕೇಳಿದ್ರೂ ಕೊಡ್ತೀವಿ. ನಮ್ಮ ಸದಸ್ಯರ ಮನೆಗಳಿಂದ ಬರೋ ಬೆಟ್ಟದ ನೆಲ್ಲಿಕಾಯಿ ಪುಡಿ, ಅರಿಶಿನ ಪುಡಿ, ಕಾಳುಮೆಣಸು ಎಲ್ಲ ಮೊದಲಿನ ಹಾಗೇ ಇರುತ್ತೆ, ಆದ್ರೆ ಇನ್ಮೇಲೆ ಅವು ಮಾತ್ರೆ ಕಪಾಟಲ್ಲಿ ಇರಲ್ಲ, ದಿನಸಿ ಕಡೆ ಇರುತ್ತೆ.

ಯಾಕೆ ಅಂತ ಬಹಳ ಜನ ಫೋನ್ ಮಾಡಿ ಕೇಳ್ತಾ ಇದಾರೆ, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಈ ಬಾಟ್ಲಿ ತಗೊಳ್ಳೋರಲ್ಲಿ ಸುಮಾರು ಜನ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆಣ್ಮಕ್ಕಳು. ಕುತ್ತಿಗೆಯಿಂದ ಪಾದದವರೆಗೆ ನೋವು, ರಾತ್ರಿಯಿಡೀ ಮಲಗಿ ಎದ್ರೂ ನಿದ್ದೆ ಮಾಡಿದ ಹಾಗೇ ಇರಲ್ಲ, ಒಲೆ ಮೇಲೆ ಏನಿಟ್ಟೆ ಅನ್ನೋದೇ ಮರೆತು ಹೋಗಿರುತ್ತೆ. ಇಎಸ್ಆರ್, ಸಿಆರ್‌ಪಿ ಅಂತ ಉರಿಯೂತ ನೋಡೋ ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿ ನಾರ್ಮಲ್ ಅಂತ ಬಂದ್ಮೇಲೆ ಮನೆಯವರೂ "ಏನೂ ಇಲ್ವಂತೆ ಕಣೆ" ಅಂದ್ಬಿಡ್ತಾರೆ. ಇದೆ. ಇದಕ್ಕೇ ಫೈಬ್ರೊಮಯಾಲ್ಜಿಯಾ ಅನ್ನೋದು, ಕೀಲು ಸವೆದು ಬರೋ ನೋವಲ್ಲ ಇದು, ನರಮಂಡಲ ಮತ್ತು ಮೆದುಳು ನೋವನ್ನ ಜಾಸ್ತಿ ಮಾಡಿ ಗ್ರಹಿಸೋದ್ರಿಂದ ಬರೋದು, ಹಾಗಾಗಿ ರಕ್ತದ ರಿಪೋರ್ಟಲ್ಲಿ ಕಾಣಲ್ಲ ಅಷ್ಟೆ. ಇಂಥ ನೋವಲ್ಲೇ ಸುಗ್ಗಿ ಟೈಮಲ್ಲಿ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯೋರು ನಮ್ಮ ಗ್ರಾಹಕರು. ಆ ದುಡ್ಡಲ್ಲಿ ಕೊಳ್ಳೋ ಮಾತ್ರೆ ಇದು, ಅದಕ್ಕೆ ತಕ್ಕ ಹಾಗೆ ಇರ್ಬೇಕು ಅನ್ನೋದು ನಮ್ಮ ಆಸೆ.

ಈಗ ಲೆಕ್ಕಕ್ಕೆ ಬರೋಣ. ಕಾಂಬೋ ಬಾಟ್ಲಿ ಮನೇಲಿದ್ರೆ ತಿರುಗಿಸಿ ಹಿಂದಿನ ಸಣ್ಣಕ್ಷರ ನೋಡಿ. ಒಂದು ಕ್ಯಾಪ್ಸೂಲಲ್ಲಿ ಕೋಕ್ಯೂ-ಟೆನ್ 30 ಮಿ.ಗ್ರಾಂ., ಜೊತೆಗೆ ವಿಟಮಿನ್ ಸಿ, ವಿಟಮಿನ್ ಇ, ಕರ್ಕ್ಯುಮಿನ್ (ಅರಿಶಿನದ ಸತ್ವ) ಸಾರ, ಕಾಳುಮೆಣಸಿನ ಸಾರ. ದಿನಕ್ಕೆ ಎರಡು ಅಂದ್ರೆ 60 ಮಿ.ಗ್ರಾಂ. ಸ್ಪೇನಲ್ಲಿ 2013ರಲ್ಲಿ ಫೈಬ್ರೊಮಯಾಲ್ಜಿಯಾ ಇರೋರಿಗೆ ಕೋಕ್ಯೂ-ಟೆನ್ ಕೊಟ್ಟು ನೋಡಿದ ಅಧ್ಯಯನ ಒಂದಿದೆ, ನೋವು ಸುಸ್ತು ಕಡಿಮೆ ಆಯ್ತು ಅಂತ ಎಲ್ಲರೂ ತೋರಿಸೋದು ಅದನ್ನೇ, ಅದರಲ್ಲಿ ಕೊಟ್ಟಿದ್ದು ದಿನಕ್ಕೆ 300 ಮಿ.ಗ್ರಾಂ., 40 ದಿನ. ಕಾಂಬೋದಲ್ಲಿ ಅಷ್ಟು ಆಗ್ಬೇಕಂದ್ರೆ ದಿನಕ್ಕೆ ಹತ್ತು ಕ್ಯಾಪ್ಸೂಲ್ ನುಂಗ್ಬೇಕು, 1,150 ರೂಪಾಯಿ ಬಾಟ್ಲಿ ಆರೇ ದಿನಕ್ಕೆ ಖಾಲಿ, ಬೇಡದ ಮೆಣಸಿನ ಸಾರ ವಿಟಮಿನ್ ಇ ಎಲ್ಲ ದಿನಕ್ಕೆ ಎರಡರ ಲೆಕ್ಕಕ್ಕೆ ಹೋಲಿಸಿದ್ರೆ ಐದು ಪಟ್ಟು ಹೊಟ್ಟೆಗೆ. ಹೊಸ ಸ್ಟ್ರಿಪ್ ಲೆಕ್ಕದಲ್ಲಿ ಅದೇ 40 ದಿನಕ್ಕೆ 12 ಸ್ಟ್ರಿಪ್, 2,280 ರೂಪಾಯಿ.

ಇದೂ ಸಣ್ಣ ದುಡ್ಡಲ್ಲ ಅಂತ ಗೊತ್ತು. ಆ ಅಧ್ಯಯನದಲ್ಲಿ ಇದ್ದಿದ್ದು ಬರೀ 20 ಜನ ಅನ್ನೋದೂ ನಿಮಗೆ ಗೊತ್ತಿರ್ಬೇಕು. ಕೋಕ್ಯೂ-ಟೆನ್ ನಮ್ಮ ಜೀವಕೋಶದ ಒಳಗೆ ಶಕ್ತಿ ತಯಾರಾಗೋ ಜಾಗದಲ್ಲಿ ಕೆಲಸ ಮಾಡುತ್ತೆ, ದೇಹವೇ ಅದನ್ನ ಮಾಡ್ಕೊಳ್ಳುತ್ತೆ, ಫೈಬ್ರೊಮಯಾಲ್ಜಿಯಾ ಇರೋ ಕೆಲವರ ರಕ್ತಕಣದಲ್ಲಿ ಅದು ಕಡಿಮೆ ಇದ್ದಿದ್ದು ಕಂಡಿದೆ, ಹಾಗಾಗಿ ಹೊರಗಿಂದ ಕೊಟ್ರೆ ಅನುಕೂಲ ಆಗಬಹುದು ಅನ್ನೋ ಯೋಚನೆಗೆ ಅರ್ಥ ಇದೆ. ಅಷ್ಟಕ್ಕೇ ಇದನ್ನ ಔಷಧಿ ಅಂತ ನಾವು ಮಾರಲ್ಲ. ಪ್ಯಾಕೆಟ್ ಮೇಲೂ ಔಷಧಿಯಾಗಿ ಬಳಸಲು ಅಲ್ಲ ಅಂತ ಇರುತ್ತೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನಿಯಮ ಅದು, ಆ ಸಾಲನ್ನ ಸುಮ್ನೆ ಪ್ರಿಂಟ್ ಮಾಡಿರೋದು ಅಂದ್ಕೋಬೇಡಿ.

ಅದಕ್ಕೇ ತಿಂಗಳು ತಿಂಗಳು ಕಾಯಂ ಆರ್ಡರ್ ತಗೊಳ್ಳೋದನ್ನೂ ನಿಲ್ಲಿಸಿದೀವಿ. ತಗೊಳ್ಳೋದಾದ್ರೆ ಒಂದು ಅವಧಿ ಇಟ್ಕೊಂಡು ತಗೊಳ್ಳಿ. ಶುರು ಮಾಡೋಕೆ ಎರಡು ವಾರ ಮುಂಚಿಂದಲೇ ಗೋಡೆ ಕ್ಯಾಲೆಂಡರಲ್ಲಿ ದಿನಾ ಬೆಳಿಗ್ಗೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ನಂಬರ್, ನಿದ್ದೆಗೆ ಒಂದು ನಂಬರ್ ಬರೀರಿ. ಆಮೇಲೆ 40 ದಿನ ತಗೊಳ್ಳಿ, ಬರೆಯೋದು ಬಿಡಬೇಡಿ, ಅದೇ ಸಮಯದಲ್ಲಿ ಇನ್ನೊಂದು ಹೊಸದು ಶುರು ಮಾಡ್ಬೇಡಿ. ನಂಬರ್ ಇಳಿದಿಲ್ಲ ಅಂದ್ರೆ ನಿಲ್ಲಿಸಿ, ಆ ದುಡ್ಡನ್ನ ಹಾಲಿಗೋ ಹಣ್ಣಿಗೋ ಹಾಕಿ. ಒಡೆಯದ ಸ್ಟ್ರಿಪ್ ಬಿಲ್ ಸಮೇತ ತಂದ್ರೆ ಪೂರ್ತಿ ದುಡ್ಡು ವಾಪಸ್, ನಮ್ಮ ಹುಡುಗರು ಯಾಕೆ ಏನು ಅಂತ ಒಂದು ಮಾತೂ ಕೇಳಲ್ಲ.

ಅರಿಶಿನದ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮ ಮನೆ ಪದಾರ್ಥ ಅಲ್ವಾ, ಏನಾಗುತ್ತೆ ಅನ್ಸುತ್ತೆ. ಅಡುಗೆಗೆ ಹಾಕೋ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಎರಡರಿಂದ ಐದು ಭಾಗ, ಅದೂ ಮೈಗೆ ಹತ್ತೋದು ಬಹಳ ಕಮ್ಮಿ. ಕಾಳುಮೆಣಸಿನ ಖಾರದ ಅಂಶ ಪಿಪರಿನ್ ಜೊತೆಗೆ ಕೊಟ್ರೆ ಜಾಸ್ತಿ ಹತ್ತುತ್ತೆ ಅಂತ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು, 1998ರಲ್ಲಿ, 20 ಮಿ.ಗ್ರಾಂ. ಪಿಪರಿನ್ ಸೇರಿಸಿದ್ರೆ ಮನುಷ್ಯರಲ್ಲಿ 2000 ಪರ್ಸೆಂಟ್ ಜಾಸ್ತಿ. ಅಲ್ಲಿಂದ ಎಲ್ಲ ಕಂಪನಿಯವರೂ ಎರಡನ್ನೂ ಸೇರಿಸಿ ಕ್ಯಾಪ್ಸೂಲ್ ಮಾಡೋಕೆ ಶುರು ಮಾಡಿದ್ರು. ಆದ್ರೆ ಈಚೆಗೆ ಇಂಥ ಗಟ್ಟಿ ಸಾರದ ಕ್ಯಾಪ್ಸೂಲ್ ತಗೊಂಡ ಕೆಲವರಿಗೆ ಲಿವರ್ ತೊಂದರೆ ಆಗಿರೋ ವರದಿ ಬೇರೆ ಬೇರೆ ದೇಶದಿಂದ ಬಂದಿದೆ, ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆನೂ ಕೊಟ್ರು. ಪಿಪರಿನ್ ನೀವು ತಗೊಳ್ಳೋ ಬೇರೆ ಮಾತ್ರೆಗಳನ್ನೂ ಮೈಗೆ ಜಾಸ್ತಿ ಹತ್ತಿಸಬಹುದು, ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ ತಗೊಳ್ಳೋರಿಗೆ ಇದು ಮುಖ್ಯ. ಸಾರಿನ ಮೆಣಸು, ತಂಬುಳಿ, ಪಲ್ಯದ ಅರಿಶಿನ ಇವಕ್ಕೆ ಯಾವ ಭಯನೂ ಬೇಡ ಮಾರಾಯ್ರೆ, ದಿನಾ ತಿನ್ನಿ.

ವಿಟಮಿನ್ ಸಿಗೆ ಮಾತ್ರೆ ಯಾಕೆ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 65 ಮಿ.ಗ್ರಾಂ., ಗಂಡಸರಿಗೆ 80. ಸೀಸನಲ್ಲಿ ಒಂದೆರಡು ಬೆಟ್ಟದ ನೆಲ್ಲಿಕಾಯಲ್ಲೇ ಅದು ಬಂದುಹೋಗುತ್ತೆ. ಕಿಡ್ನಿ ಕಲ್ಲು ಇರೋರು ಸಾವಿರ ಮಿಲಿಗ್ರಾಮಿನ ಸಿ ಮಾತ್ರೆ ನುಂಗೋದು ಒಳ್ಳೇದಲ್ಲ. ವಿಟಮಿನ್ ಇ ಜಾಸ್ತಿ ಆದ್ರೆ ರಕ್ತಸ್ರಾವದ ಅಪಾಯ ಇದೆ, ಅದನ್ನ ನಾವು ಬಿಡಿಯಾಗಿಯೂ ತರಿಸಲ್ಲ.

ಕೋಕ್ಯೂ-ಟೆನ್ ಎಣ್ಣೆಯಲ್ಲಿ ಕರಗೋ ವಸ್ತು, ಖಾಲಿ ಹೊಟ್ಟೆಗೆ ತಗೊಂಡ್ರೆ ಅರ್ಧ ದಂಡ. ಬೆಳಗಿನ ದೋಸೆಗೆ ತುಪ್ಪ ಹಾಕ್ಕೊಂಡಾಗ ಅಥವಾ ಮಧ್ಯಾಹ್ನ ಕಾಯಿ ಹಾಕಿದ ಪದಾರ್ಥದ ಊಟ ಆದ್ಮೇಲೆ ತಗೊಳ್ಳಿ. ರಾತ್ರಿ ಬೇಡ, ಕೆಲವರಿಗೆ ನಿದ್ದೆ ಕೆಡುತ್ತೆ, ನಿಮಗೆ ಮೊದಲೇ ನಿದ್ದೆ ಸಾಲದು. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರು ಡಾಕ್ಟರನ್ನ ಕೇಳದೆ ಮುಟ್ಟಲೇಬೇಡಿ, ಆ ಮಾತ್ರೆಯ ಕೆಲಸ ಕಡಿಮೆ ಆಗಬಹುದು. ಬಿಪಿ ಮಾತ್ರೆ ತಗೊಳ್ಳೋರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರೋರು, ಬಸುರಿ ಬಾಣಂತಿಯರು ಮೊದಲು ಕೇಳಿ. 300 ಬೇಕಾ 100 ಸಾಕಾ ಅನ್ನೋದನ್ನೂ ಡಾಕ್ಟರೇ ಹೇಳಲಿ, ಕೌಂಟರಲ್ಲಿ ಕೇಳಿದ್ರೆ ನಮ್ಮವರು ಹೇಳಲ್ಲ. ಡಾಕ್ಟರ್ ಬರೆದಿರೋ ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇವನ್ನ ಇದು ಸಿಕ್ತು ಅಂತ ಬಿಟ್ಬಿಡಬೇಡಿ, ಅವನ್ನ ಒಮ್ಮೆಲೇ ನಿಲ್ಲಿಸಿದ್ರೆ ತೊಂದರೆ ಆಗುತ್ತೆ. ದುಡ್ಡಿನ ಕಷ್ಟ ಅಂದ್ರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಜೆನೆರಿಕ್ ಮಾತ್ರೆ ಬಹಳ ಕಡಿಮೆಗೆ ಸಿಗುತ್ತೆ, ನಮ್ಮ ಸ್ಟ್ರಿಪ್‌ಗಿಂತ ಮೊದಲು ಅದಕ್ಕೆ ಖರ್ಚು ಮಾಡಿ.

ಇನ್ನೊಂದು, ಇದರಿಂದ ನಮಗೆ ವ್ಯಾಪಾರ ಏನಿಲ್ಲ ಆದ್ರೂ ಹೇಳ್ತೀವಿ. ಯುರೋಪಿನ ಸಂಧಿವಾತ ವೈದ್ಯರ ಒಕ್ಕೂಟ 2017ರಲ್ಲಿ ಫೈಬ್ರೊಮಯಾಲ್ಜಿಯಾಕ್ಕೆ ಇರೋ ಚಿಕಿತ್ಸೆಗಳನ್ನೆಲ್ಲ ಅಳೆದು ನೋಡಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಮಳೆಗಾಲದಲ್ಲಿ ಎಲ್ಲಿ ವಾಕಿಂಗ್ ಅಂತೀರ, ಜಗಲಿ ಮೇಲೇ ಆಚೆಯಿಂದ ಈಚೆಗೆ ಐದು ನಿಮಿಷ ಸಾಕು ಶುರುವಿಗೆ, ವಾರಕ್ಕೊಮ್ಮೆ ಒಂದೊಂದು ನಿಮಿಷ ಏರಿಸಿ. ಅಡಿಕೆ ಸುಲಿಯೋವಾಗ ಅರ್ಧ ಗಂಟೆಗೊಂದ್ಸಲ ಎದ್ದು ಅಂಗಳಕ್ಕೆ ಹೋಗಿ ಬನ್ನಿ.

ಬಾಟ್ಲಿ ಬಿಟ್ಟು ಸ್ಟ್ರಿಪ್ ಯಾಕೆ ಅಂದ್ರೆ ನಮ್ಮ ಕಡೆ ಥಂಡಿ ನಿಮಗೇ ಗೊತ್ತಲ್ಲ, ಆಷಾಢದಲ್ಲಿ ಬಾಟ್ಲಿ ದಿನಾ ತೆಗೆದು ಮುಚ್ಚಿದ್ರೆ ಮೆತ್ತನೆ ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿ ಉಂಡೆ ಆಗುತ್ತೆ. ಸ್ಟ್ರಿಪ್ಪಲ್ಲಿ ಒಂದೊಂದೂ ಬೇರೆ ಬೇರೆ ಇರುತ್ತೆ. ಹಾಗಿದ್ರೂ ಒಲೆ ಹತ್ತಿರ ಇಡಬೇಡಿ. ನೆಲ್ಲಿಪುಡಿ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒದ್ದೆ ಚಮಚ ಹಾಕ್ಬೇಡಿ.

ಮನೇಲಿ ಒಡೆಯದ ಕಾಂಬೋ ಬಾಟ್ಲಿ ಇದ್ರೆ ಎರಡು ತಿಂಗಳ ಒಳಗೆ ತನ್ನಿ, ಕೊಟ್ಟ ಬೆಲೆಗೇ ವಾಪಸ್ ತಗೊಳ್ತೀವಿ, ದುಡ್ಡಾದ್ರೂ ಸರಿ, ದಿನಸಿ ಆದ್ರೂ ಸರಿ. ಖಾತೆಗೆ ಬರೆಸಿ ಅಡಿಕೆ ಬಿಲ್ ಬಂದಾಗ ಕಟ್ಟೋ ವ್ಯವಸ್ಥೆ ಹಾಗೇ ಇದೆ. ಪೇಟೆಗೆ ಬರೋಕೆ ಆಗದವರು ಫೋನ್ ಮಾಡಿ ನಿಮ್ಮೂರ ಬಸ್ಸಿನ ಹೆಸರು, ಟೈಮ್ ಹೇಳಿ, ಪ್ಯಾಕೆಟ್ ಮೇಲೆ ಹೆಸರು ಬರೆದು ಕಂಡಕ್ಟರ್ ಕೈಲಿ ಕಳಿಸ್ತೀವಿ. ಭಾನುವಾರ ಕೌಂಟರ್ ರಜೆ.

ಇಂತಿ ನಿಮ್ಮ,
ಸಂಘದ ಮಾರಾಟ ವಿಭಾಗದವರು, ಶಿವಮೊಗ್ಗ